ಕಪ್ಪೆಯ ಮುಖವಾಡದಿಂದ ಕೆಂಪು ಮುಸುಕಿನವರೆಗೆ: ಜರ್ಮನಿಯ ಹಳೆಯ ಕ್ರೀಮಿ ಚಿತ್ರಗಳನ್ನು ನೋಡುವ ಬಗೆ

ಕ್ರೀಮಿ ಎಂದು ಕರೆಯುವ ಜರ್ಮನಿಯ ಹಳೆಯ ಅಪರಾಧ ಚಿತ್ರಗಳನ್ನು ನೋಡಲು ಕೂರುವವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಹಿಡಿದು ಕೂರುತ್ತಾರೆ: ಮುಖವಾಡದ ಹಿಂದೆ ಯಾರಿದ್ದಾರೆ? ಎರಡು ಚಿತ್ರ ಮುಗಿಯುವಷ್ಟರಲ್ಲಿ ಅವರಿಗೆ ಸಾಕಾಗಿಬಿಡುತ್ತದೆ. ಕೊಲೆಗಾರ ಯಾರೆಂಬ ಉತ್ತರ ಈ ಚಿತ್ರಗಳಲ್ಲಿ ಅಷ್ಟೇನೂ ತೂಕದ್ದಲ್ಲ. ಕೊನೆಯ ಐದು ನಿಮಿಷದಲ್ಲಿ ಮುಸುಕು ಕಳಚಿದಾಗ ಕಾಣುವ ಮುಖ ಎಷ್ಟೋ ಸಲ ಸಪ್ಪೆಯಾಗಿರುತ್ತದೆ. ಆದರೆ ಆ ಮುಸುಕು ಇದೆಯಲ್ಲ, ಅದು ಸಪ್ಪೆಯಲ್ಲ. ಉಬ್ಬಿದ ಕಣ್ಣುಗಳ ಕಪ್ಪೆ, ಈಟಿಕೋವಿ ಹಿಡಿದ ಮುಳುಗುಗಾರ, ಕೆಂಪು ನಿಲುವಂಗಿಯ ಸನ್ಯಾಸಿ, ತಲೆಬುರುಡೆಯ ಮೋರೆ. ಇವೇ ಈ ಚಿತ್ರಗಳ ನಿಜವಾದ ನಾಯಕರು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆರೆಯ ಹಿಂದಿನಿಂದ ಆರ್ಭಟ ಕೇಳಿಸಿ, ಕಿರೀಟದ ತುದಿ ಕಾಣಿಸಿ, ಆಮೇಲಷ್ಟೇ ಮುಖ ತೋರುವ ಬಣ್ಣದ ವೇಷವನ್ನು ನೋಡುತ್ತಾ ಒಳಗಿರುವ ಕಲಾವಿದ ಯಾರೆಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ವೇಷ ಬಂತು ಎನ್ನುತ್ತಾರೆ, ಅಷ್ಟೇ.

ಆ ಕಣ್ಣಿನಿಂದ ಈ ಚಿತ್ರಗಳನ್ನು ನೋಡುವುದು ಹೇಗೆ, ಯಾವ ಕ್ರಮದಲ್ಲಿ ನೋಡಬೇಕು, ಯಾವ ಪ್ರತಿಯನ್ನು ಕೈಗೆತ್ತಿಕೊಳ್ಳಬೇಕು, ಎಲ್ಲಿ ನಿಲ್ಲಿಸಿ ಮತ್ತೆ ನೋಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಯಾವ ಚಿತ್ರದಲ್ಲೂ ಕೊಲೆಗಾರನ ಹೆಸರನ್ನು ಬಿಟ್ಟುಕೊಡುವುದಿಲ್ಲ.

ಹಂತ 1: ಇವು ಎಲ್ಲಿಂದ ಬಂದವು ಎಂದು ತಿಳಿದುಕೊಳ್ಳಿ

ಜರ್ಮನ್ ಭಾಷೆಯಲ್ಲಿ ಅಪರಾಧ ಕಥೆಗೆ, ಅಂಥ ಚಿತ್ರಕ್ಕೆ ಕ್ರೀಮಿ ಎಂಬ ಮೊಟಕು ಹೆಸರಿದೆ. ಮೊದಲ ಅಕ್ಷರವನ್ನು ದೀರ್ಘವಾಗಿಯೇ ಉಚ್ಚರಿಸುತ್ತಾರೆ. ಹ್ರಸ್ವ ಮಾಡಿ ಬರೆದರೆ ಕನ್ನಡದಲ್ಲಿ ಅದು ಹುಳುವಾಗುತ್ತದೆ, ಹಾಗಾಗಿ ನಾನು ಉದ್ದಕ್ಕೂ ಕ್ರೀಮಿ ಎಂದೇ ಬರೆಯುತ್ತೇನೆ.

ಕಥೆಗಳ ಮೂಲ ಜರ್ಮನಿಯದಲ್ಲ. ಎಡ್ಗರ್ ವಾಲೇಸ್ 1875ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಹುಟ್ಟಿದ ಬ್ರಿಟಿಷ್ ಲೇಖಕ. ನೂರೆಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, 1932ರಲ್ಲಿ ಹಾಲಿವುಡ್‌ನಲ್ಲಿ ಕಿಂಗ್ ಕಾಂಗ್ ಚಿತ್ರಕ್ಕಾಗಿ ಕೆಲಸ ಮಾಡುತ್ತಿದ್ದಾಗಲೇ ತೀರಿಕೊಂಡ. ಜರ್ಮನಿಯಲ್ಲಿ ಗೋಲ್ಡ್‌ಮಾನ್ ಪ್ರಕಾಶನ ಅವನ ಪುಸ್ತಕಗಳನ್ನು ಕೆಂಪು ಹೊದಿಕೆಯಲ್ಲಿ ತಂದಿತು. ಆ ಕೆಂಪು ಪುಸ್ತಕಗಳು ಅಲ್ಲಿನ ಮನೆಮನೆಗೂ ತಲುಪಿದವು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಒಬ್ಬರಾದ ಮೇಲೊಬ್ಬರು ಕೈ ಬದಲಿಸಿ ಓದಿದ ತಲೆಮಾರಿಗೆ ಆ ಹಸಿವು ಎಂಥದೆಂದು ಚೆನ್ನಾಗಿ ಗೊತ್ತು.

1959ರಲ್ಲಿ ಡೆನ್ಮಾರ್ಕಿನ ನಿರ್ಮಾಪಕ ಪ್ರೇಬೆನ್ ಫಿಲಿಪ್ಸೆನ್ ಅವರ ರಿಯಾಲ್ಟೋ ಫಿಲ್ಮ್ ಸಂಸ್ಥೆ 'ಡೆರ್ ಫ್ರೋಶ್ ಮಿಟ್ ಡೆರ್ ಮಾಸ್ಕೆ', ಅಂದರೆ 'ಮುಖವಾಡದ ಕಪ್ಪೆ' ಎಂಬ ಚಿತ್ರವನ್ನು ಹೊರತಂದಿತು. ಅದು ಗೆದ್ದಿತು. ಮುಂದೆ ಹೋರ್ಸ್ಟ್ ವೆಂಡ್‌ಲಾಂಟ್ ಎಂಬ ನಿರ್ಮಾಪಕರ ಕೈಯಲ್ಲಿ ಈ ಸರಣಿ ಬೆಳೆದು, 1972ರವರೆಗೆ ರಿಯಾಲ್ಟೋ ಒಂದೇ 32 ವಾಲೇಸ್ ಚಿತ್ರಗಳನ್ನು ಕೊಟ್ಟಿತು.

ಕಥೆ ನಡೆಯುವುದು ಲಂಡನ್ನಿನಲ್ಲಿ, ಚಿತ್ರೀಕರಣ ನಡೆದದ್ದು ಬಹುಪಾಲು ಬೇರೆ ಕಡೆ. ಮೊದಲೆರಡು ಚಿತ್ರಗಳು ಕೋಪನ್‌ಹೇಗನ್‌ನಲ್ಲಿ ತಯಾರಾದವು, ಆಮೇಲಿನವು ಹ್ಯಾಂಬರ್ಗ್ ಮತ್ತು ಪಶ್ಚಿಮ ಬರ್ಲಿನ್‌ನಲ್ಲಿ. ತೆರೆಯ ಮೇಲೆ ಬಿಗ್ ಬೆನ್ ಗಡಿಯಾರ ಒಂದು ಕ್ಷಣ ಕಾಣುತ್ತದೆ, ಮರುಕ್ಷಣ ನಾವು ಜರ್ಮನಿಯ ಬೀದಿಯಲ್ಲಿರುತ್ತೇವೆ. ಥೇಮ್ಸ್ ಎಂದು ತೋರಿಸಿದ ನೀರು ಎಷ್ಟೋ ಸಲ ಹ್ಯಾಂಬರ್ಗ್ ಬಂದರಿನ ನೀರು. ಇದನ್ನು ನಾನು ಕೊರತೆ ಎಂದು ಭಾವಿಸುವುದಿಲ್ಲ. ಯುದ್ಧ ಮುಗಿದು ಹದಿನಾಲ್ಕು ವರ್ಷವಾಗಿದ್ದ ಆ ನಾಡಿನಲ್ಲಿ ಕೊಲೆ, ಭಯ, ಮುಖವಾಡ ಹಾಕಿಕೊಂಡ ಗೌರವಸ್ಥರು, ಇದನ್ನೆಲ್ಲ ಸ್ವಂತ ಊರಿನಲ್ಲಿಟ್ಟು ತೋರಿಸುವುದು ಸುಲಭವಿರಲಿಲ್ಲ. ಮಂಜು ಕವಿದ, ತಾವೇ ಕಟ್ಟಿಕೊಂಡ ಲಂಡನ್ನಿನಲ್ಲಿ ಎಲ್ಲವನ್ನೂ ತೋರಿಸಬಹುದಾಗಿತ್ತು. ಈ ನಕಲಿ ಲಂಡನ್ನಿನ ಮೇಲೆ ನನಗಿರುವ ಪ್ರೀತಿ ನಿಜವಾದ ಲಂಡನ್ನಿನ ಮೇಲೂ ಇಲ್ಲ.

ಹಂತ 2: ಸರಿಯಾದ ಪ್ರತಿಯನ್ನು ಹುಡುಕಿ

ಈ ಹಂತವನ್ನು ದಾಟಿ ಮುಂದೆ ಹೋಗಬೇಡಿ. ಕ್ರೀಮಿ ಚಿತ್ರಗಳಿಗೆ ಕೆಟ್ಟ ಹೆಸರು ಬಂದಿರುವುದು ಹೆಚ್ಚಾಗಿ ಕೆಟ್ಟ ಪ್ರತಿಗಳಿಂದ. ಅಮೆರಿಕದ ಟೆಲಿವಿಷನ್‌ಗಾಗಿ ಇಂಗ್ಲಿಷ್ ಡಬ್ಬಿಂಗ್ ಮಾಡಿ, ಅಲ್ಲಲ್ಲಿ ಕತ್ತರಿಸಿ, ಅಗಲ ತೆರೆಯ ಚಿತ್ರಗಳ ಎರಡೂ ಬದಿಯನ್ನು ಹಾರಿಸಿ ಮಾಡಿದ ಪ್ರತಿಗಳೇ ಅಂತರ್ಜಾಲದಲ್ಲಿ ಮೊದಲು ಸಿಗುತ್ತವೆ. ಮಸುಕಾಗಿ ಬೂದುಗಟ್ಟಿದ ಆ ಚಿತ್ರದಲ್ಲಿ ನೆರಳು ಯಾವುದು, ಕೊಳೆ ಯಾವುದು ಎಂದು ಬೇರ್ಪಡಿಸಲಾಗದು. ಅದನ್ನು ನೋಡಿ ಇಡೀ ಪ್ರಕಾರವನ್ನು ತಳ್ಳಿಹಾಕಿದವರನ್ನು ನಾನು ಬಲ್ಲೆ.

ಪ್ರತಿ ಆರಿಸುವಾಗ ಮೊದಲು ನೋಡಬೇಕಾದದ್ದು ಧ್ವನಿ. ಜರ್ಮನ್ ಧ್ವನಿಯೂ ಇಂಗ್ಲಿಷ್ ಸಬ್‌ಟೈಟಲ್ಲೂ ಇರುವ ಪ್ರತಿಯೇ ಬೇಕು. ಜರ್ಮನ್ ಬಾರದಿದ್ದರೂ ಪರವಾಗಿಲ್ಲ. ನಟ ಕ್ಲೌಸ್ ಕಿನ್ಸ್ಕಿಯ ತಗ್ಗಿದ ಪಿಸುದನಿ, ನಟಿ ಎಲಿಜಬೆತ್ ಫ್ಲಿಕನ್‌ಶಿಲ್ಟ್ ಅವರ ರಂಗಭೂಮಿಯ ಗತ್ತಿನ ಕಂಠ, ಇವುಗಳ ಜಾಗದಲ್ಲಿ ಬೇರೆಯವರ ದನಿ ಕೂರಿಸಿದರೆ ಅರ್ಧ ಚಿತ್ರವೇ ಹೋದಂತೆ. ಆಮೇಲೆ ತೆರೆಯ ಅಗಲ ನೋಡಿ. 1963ರ 'ಡೆರ್ ಸಿಂಕರ್' ಚಿತ್ರದಿಂದ ಈ ಸರಣಿಗೆ ಅಲ್ಟ್ರಾಸ್ಕೋಪ್ ಎಂಬ ಅಗಲ ತೆರೆ ಬಂತು. ಅಂಥ ಚಿತ್ರ ನಿಮ್ಮ ಟಿವಿಯ ತುಂಬ ಮೇಲೆ ಕೆಳಗೆ ಕಪ್ಪು ಪಟ್ಟಿಯೇ ಇಲ್ಲದೆ ಕಂಡರೆ ಬದಿಗಳನ್ನು ಕತ್ತರಿಸಿದ್ದಾರೆ ಎಂದೇ ಅರ್ಥ. ಬಾಗಿಲ ಸಂದಿಯಲ್ಲಿ ನಿಂತ ಮುಸುಕುಧಾರಿ ಆ ಕತ್ತರಿಸಿದ ಬದಿಯಲ್ಲೇ ಇದ್ದಿರಬಹುದು.

ಜರ್ಮನಿಯಿಂದ ಡಿಸ್ಕ್ ತರಿಸುವವರು ವಲಯ ಸಂಖ್ಯೆಯನ್ನು ತಪ್ಪದೆ ಗಮನಿಸಬೇಕು. ಡಿವಿಡಿಗೆ ಜರ್ಮನಿ 2ನೇ ವಲಯ, ಭಾರತ 5ನೇ ವಲಯ. ಬ್ಲೂರೇ ಆದರೆ ಅಲ್ಲಿ ಬಿ, ಇಲ್ಲಿ ಸಿ. ನಾನು ಮೊದಲ ಸಲ ತರಿಸಿದ ಡಿಸ್ಕ್ ಮನೆಯ ಪ್ಲೇಯರ್‌ನಲ್ಲಿ ತೆರೆಯಲೇ ಇಲ್ಲ. ಮಾರಿದವರು ಪೆಟ್ಟಿಗೆಯ ಹಿಂಬದಿಯ ಚಿತ್ರವನ್ನೂ ಹಾಕಿರಲಿಲ್ಲ, ವಲಯದ ಮಾತನ್ನೂ ಎತ್ತಿರಲಿಲ್ಲ. ಎಲ್ಲ ವಲಯದ ಡಿಸ್ಕ್‌ಗಳನ್ನೂ ಓದುವ ಪ್ಲೇಯರ್ ಇದ್ದರೆ ಈ ತೊಂದರೆ ಇಲ್ಲ. ಇನ್ನೊಂದು ಸಣ್ಣ ವಿಷಯ: ಯುರೋಪಿನ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸಿರುತ್ತಾರೆ. ತೊಂಬತ್ತು ನಿಮಿಷದ ಚಿತ್ರ ಎಂಬತ್ತಾರು ನಿಮಿಷಕ್ಕೆ ಮುಗಿದರೆ ಏನನ್ನೋ ಕತ್ತರಿಸಿದ್ದಾರೆಂದು ಗಾಬರಿಯಾಗಬೇಡಿ.

ಹಂತ 3: ಕಪ್ಪೆಯಿಂದಲೇ ಆರಂಭಿಸಿ

ಕೆಲವರು ಬಣ್ಣದ ಚಿತ್ರಗಳಿಂದ ಆರಂಭಿಸಲು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 'ಮುಖವಾಡದ ಕಪ್ಪೆ'ಯಲ್ಲಿ ಇಡೀ ಸರಣಿಯ ಬೀಜವಿದೆ. ನಿರ್ದೇಶಕ ಹಾರಾಲ್ಡ್ ರೈನ್ಲ್. ಲಂಡನ್ನನ್ನು ನಡುಗಿಸುತ್ತಿರುವ ಒಂದು ತಂಡ, ಅದರ ತಲೆಯಾಳಿನ ಹೆಸರು ಕಪ್ಪೆ. ಅವನ ಮುಖವನ್ನು ಅವನ ಕಡೆಯವರೂ ಕಂಡಿಲ್ಲ. ತಂಡದವರ ಕೈಮೇಲೆ ಕಪ್ಪೆಯ ಹಚ್ಚೆ, ದೋಚಿದ ಜಾಗದಲ್ಲಿ ಕಪ್ಪೆಯ ಮುದ್ರೆ.

ಮೊದಲ ಹತ್ತು ನಿಮಿಷವನ್ನು ಎರಡು ಸಲ ನೋಡಿ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ತೆಗೆದುಬಿಡಿ. ಹಾಗೆ ಮಾಡಿದಾಗ ನನ್ನ ಗಮನ ಹೋದದ್ದು ಆ ಮುಖವಾಡದ ಕಣ್ಣುಗಳ ಮೇಲೆ. ಅವು ಗುಂಡಗೆ ಉಬ್ಬಿವೆ, ಹೊಳೆಯುತ್ತವೆ, ಆದರೆ ಎತ್ತಲೂ ನೋಡುವುದಿಲ್ಲ. ಮನುಷ್ಯನ ಕಣ್ಣು ಎತ್ತ ಹೊರಳಿತು ಎಂದು ನೋಡಿಯೇ ನಾವು ಅವನ ಮುಂದಿನ ಹೆಜ್ಜೆಯನ್ನು ಊಹಿಸುತ್ತೇವೆ. ಇಲ್ಲಿ ಆ ಸುಳಿವೇ ಇಲ್ಲ. ತಲೆ ತಿರುಗುವವರೆಗೆ ಅವನು ಯಾರನ್ನು ನೋಡುತ್ತಿದ್ದಾನೆ ಎಂದು ತಿಳಿಯುವುದಿಲ್ಲ. ಭಯ ಹುಟ್ಟುವುದು ಅಲ್ಲಿ. ರೈನ್ಲ್ ಇದನ್ನು ಚೆನ್ನಾಗಿ ಅರಿತಿದ್ದರು. ಹಾಗಾಗಿಯೇ ಅವರ ಕಪ್ಪೆ ಆತುರಪಡುವುದಿಲ್ಲ.

ಈ ಚಿತ್ರದಲ್ಲಿ ಮೇಟ್‌ಲೆಂಡ್ ಎಂಬ ಮುದುಕನ ಪಾತ್ರವನ್ನು ಗಮನಿಸಿ. ಅದು ಫ್ರಿಟ್ಸ್ ರಾಸ್ಪ್. 1927ರ ಮೆಟ್ರೊಪೊಲಿಸ್ ಚಿತ್ರದಲ್ಲಿ ನಾಯಕನ ಬೆನ್ನು ಬೀಳುವ ಸಪೂರ ಗೂಢಚಾರ ಇದೇ ನಟ. ಕಪ್ಪೆಯ ಚಿತ್ರವಾದ ಎರಡು ವರ್ಷದ ಬಳಿಕ 1961ರಲ್ಲಿ ಬಂದ 'ಡೀ ಸೆಲ್ಟ್‌ಸಾಮೆ ಗ್ರೇಫಿನ್' ಚಿತ್ರದ ಕೌಂಟೆಸ್ ಪಾತ್ರಧಾರಿ ಲಿಲ್ ಡಾಗೋವರ್, 1920ರ ಡಾಕ್ಟರ್ ಕಾಲಿಗಾರಿ ಚಿತ್ರದ ನಾಯಕಿ. ಕ್ರೀಮಿ ಚಿತ್ರಗಳ ನೆರಳು ಬೆಳಕು ಮೂಕಿ ಯುಗದ ಜರ್ಮನ್ ಚಿತ್ರಗಳಿಂದ ಬಂತು ಎಂದು ಎಲ್ಲರೂ ಹೇಳುತ್ತಾರೆ. ಬಂದದ್ದು ನೆರಳು ಮಾತ್ರವಲ್ಲ, ಆ ಮನುಷ್ಯರೇ ನಡೆದು ಬಂದರು.

ಹಂತ 4: ಫೋರರ್ ಅವರ ಕ್ಯಾಮೆರಾವನ್ನು ಹಿಂಬಾಲಿಸಿ

ಎರಡನೆಯ ಸಂಜೆಗೆ 1961ರ 'ಡೀ ಟೋಟೆನ್ ಔಗೆನ್ ಫೊನ್ ಲಂಡನ್', ಅಂದರೆ 'ಲಂಡನ್ನಿನ ಸತ್ತ ಕಣ್ಣುಗಳು'. ಇಲ್ಲಿಂದ ಆಲ್ಫ್ರೆಡ್ ಫೋರರ್ ಬರುತ್ತಾರೆ. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಈ ನಿರ್ದೇಶಕ ರಿಯಾಲ್ಟೋ ಸರಣಿಯಲ್ಲಿ 14 ಚಿತ್ರಗಳನ್ನು ಮಾಡಿದರು. ಸರಣಿಗೆ ಅದರದೇ ಆದ ರುಚಿ ಕೊಟ್ಟವರು ಅವರೇ ಎಂಬುದು ನನ್ನ ನಂಬಿಕೆ. ರೈನ್ಲ್ ಕಥೆಯನ್ನು ಓಡಿಸುತ್ತಾರೆ, ಫೋರರ್ ಅದನ್ನು ಆಡಿಸುತ್ತಾರೆ.

ಮಂಜಿನ ರಾತ್ರಿಗಳಲ್ಲಿ ಶ್ರೀಮಂತ ಮುದುಕರು ಒಬ್ಬೊಬ್ಬರಾಗಿ ಥೇಮ್ಸ್‌ನಲ್ಲಿ ಹೆಣವಾಗಿ ತೇಲುತ್ತಾರೆ. ಒಂದು ಶವದ ಬಳಿ ಬ್ರೈಲ್ ಲಿಪಿಯ ಚೂರು ಸಿಗುತ್ತದೆ. ಇಲ್ಲಿ ಮುಖವಾಡವಿಲ್ಲ. ಬದಲಿಗೆ ಆಸ್ಟ್ರಿಯಾದ ಕುಸ್ತಿಪಟು ಆಡಿ ಬೆರ್ಬರ್ ಅವರ ಬೃಹತ್ ದೇಹ ಮತ್ತು ಬೆಳ್ಳಗಿನ ಕುರುಡು ಕಣ್ಣುಗಳೇ ಮುಖವಾಡದ ಕೆಲಸ ಮಾಡುತ್ತವೆ. ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ: ಕುರುಡುತನವನ್ನು ಭಯದ ಸರಕಾಗಿ ಬಳಸಿಕೊಂಡದ್ದು ಈ ಚಿತ್ರದ ನಿಜವಾದ ದೋಷ. ನೋಡುವಾಗ ಅದು ಚುಚ್ಚುತ್ತದೆ, ಚುಚ್ಚಬೇಕು.

ಆದರೆ ಕ್ಯಾಮೆರಾ! ಕಾರ್ಲ್ ಲೋಬ್ ಅವರ ಛಾಯಾಗ್ರಹಣ. ಒಬ್ಬ ಮುದುಕ ಬಾಯಿ ತೊಳೆದುಕೊಳ್ಳುವ ದೃಶ್ಯವಿದೆ. ಕ್ಯಾಮೆರಾ ಅವನ ಎದುರಿಗಿಲ್ಲ, ಅವನ ಬಾಯಿಯೊಳಗಿದೆ. ಹಲ್ಲಿನ ಸಾಲಿನ ಹಿಂದಿನಿಂದ ನಾವು ಹೊರಗೆ ನೋಡುತ್ತೇವೆ. ಕಥೆಗೆ ಇದರಿಂದ ಏನೂ ಆಗಬೇಕಿಲ್ಲ. ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬ ನಂಬಿಕೆಯನ್ನೇ ಅಲುಗಾಡಿಸುವುದು ಅವರ ಉದ್ದೇಶ. ಇಂಥ ಚೌಕಟ್ಟು ಬಂದಾಗ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ನೋಡಿ. ಕನ್ನಡಕದ ಗಾಜಿನಲ್ಲಿ ಪ್ರತಿಬಿಂಬ, ಗೋಡೆಯ ಕಿಂಡಿಯ ಹಿಂದಿನ ಕಣ್ಣು, ಗಾಜಿನ ತೊಟ್ಟಿಯ ಆಚೆಯ ಮುಖ: ಇವುಗಳ ಪಟ್ಟಿಯೊಂದನ್ನು ನೋಟ್‌ಪುಸ್ತಕದಲ್ಲಿ ಬರೆಯುತ್ತಾ ಹೋದರೆ ಮೂರು ಚಿತ್ರ ಮುಗಿಯುವಷ್ಟರಲ್ಲಿ ಹೆಸರು ನೋಡದೆಯೇ ಇದು ಫೋರರ್ ಚಿತ್ರ ಎಂದು ಹೇಳಬಲ್ಲಿರಿ.

ಕಪ್ಪು ಬಿಳುಪು ಚಿತ್ರದ ಮೇಲೆ ರಕ್ತಗೆಂಪು ಅಕ್ಷರದ ಶೀರ್ಷಿಕೆ, ಗುಂಡಿನ ಸದ್ದು, ಜೊತೆಗೆ 'ಹಲೋ, ಮಾತಾಡುತ್ತಿರುವುದು ಎಡ್ಗರ್ ವಾಲೇಸ್' ಎಂಬ ಜರ್ಮನ್ ದನಿ, ಇವು ಈ ಸರಣಿಯ ಅಂಕಿತ. ಆ ದನಿ ಸ್ವತಃ ಫೋರರ್ ಅವರದು.

ಫೋರರ್ ಚಿತ್ರಗಳಲ್ಲಿ ಮುಖವಾಡವೇ ಬೇಕೆಂದರೆ 1962ರ 'ಡಾಸ್ ಗಾಸ್ಟ್‌ಹೌಸ್ ಆನ್ ಡೆರ್ ಟೆಮ್ಸೆ', ಅಂದರೆ 'ಥೇಮ್ಸ್ ದಡದ ಖಾನಾವಳಿ', ನೋಡಲೇಬೇಕು. ಇಡೀ ಸರಣಿಯಲ್ಲಿ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆದದ್ದು ಇದು. ಕೊಲೆಗಾರನ ಹೆಸರು ಶಾರ್ಕ್. ಮುಳುಗುಗಾರನ ರಬ್ಬರ್ ಉಡುಪು, ಕೈಯಲ್ಲಿ ಮೀನು ಹೊಡೆಯುವ ಈಟಿಕೋವಿ, ಓಡಲು ಊರಿನ ಕೆಳಗಿನ ಚರಂಡಿಗಳು. ಕಪ್ಪೆಗೆ ಬೇಕಾಗಿ ಮುಖವಾಡ ಮಾಡಿಸಬೇಕಾಯಿತು, ಶಾರ್ಕ್‌ಗೆ ಅವನ ಕೆಲಸದ ಉಡುಪೇ ಮುಖವಾಡ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಖಾನಾವಳಿಯ ಒಡತಿಯಾಗಿ ಫ್ಲಿಕನ್‌ಶಿಲ್ಟ್ ಒಂದು ಹಾಡು ಹಾಡುತ್ತಾರೆ. ಆ ಹಾಡಿನ ಹೊತ್ತಿನಲ್ಲಿ ಹಿಂದೆ ಕುಳಿತ ಗಿರಾಕಿಗಳ ಮುಖಗಳನ್ನು ನೋಡಿ.

ಹಂತ 5: ತಂಡವನ್ನು ಗುರುತಿಸಲು ಕಲಿಯಿರಿ

ಕಂಪನಿ ನಾಟಕದಲ್ಲಿ ರಾಜಾಪಾರ್ಟಿನವನು, ಹಾಸ್ಯದವನು, ಖಳನ ಪಾತ್ರದವನು ಎಂದು ಗೊತ್ತುಮಾಡಿರುತ್ತಿದ್ದರಲ್ಲ, ರಿಯಾಲ್ಟೋ ಕೂಡ ಹಾಗೆಯೇ ನಡೆಯಿತು. ಊರಿಗೆ ಕಂಪನಿ ಬಂದಾಗ ಜನ ಕಥೆ ನೋಡಲು ಎಷ್ಟು ಹೋಗುತ್ತಿದ್ದರೋ ಅಷ್ಟೇ ಆ ನಟರನ್ನು ನೋಡಲು ಹೋಗುತ್ತಿದ್ದರು. ಕ್ರೀಮಿ ಚಿತ್ರದ ಅರ್ಧ ಸುಖ ಇಲ್ಲಿದೆ.

ಪೊಲೀಸ್ ಅಧಿಕಾರಿ ಎಂದರೆ ಯೋಆಖಿಮ್ ಫುಕ್ಸ್‌ಬೆರ್ಗರ್ ಅಥವಾ ಹೈನ್ಸ್ ಡ್ರಾಖೆ. ಫುಕ್ಸ್‌ಬೆರ್ಗರ್ ಆಟಗಾರನಂತೆ, ಚುರುಕು, ನಗುಮುಖ. ಡ್ರಾಖೆ ತಣ್ಣಗಿನ ಮನುಷ್ಯ, ಸೂಟಿನ ಮಡಿಕೆ ಕೆಡದಂತೆ ಹೊಡೆದಾಡುತ್ತಾನೆ. ನನ್ನ ಮೆಚ್ಚುಗೆ ಡ್ರಾಖೆಗೆ. ನಗಿಸುವುದು ಎಡ್ಡಿ ಆರೆಂಟ್ ಅವರ ಪಾಲು: ಬಟ್ಲರ್, ಸಾರ್ಜೆಂಟ್, ಛಾಯಾಗ್ರಾಹಕ, ಏನಾದರೂ ಸರಿ. ಮೊದಲ ಮೂರು ಚಿತ್ರದಲ್ಲಿ ಅವರ ಹಾಸ್ಯ ನಿಮಗೆ ಹಿಡಿಸದಿರಬಹುದು. ತಾಳಿಕೊಳ್ಳಿ. ಸರಣಿ ಮುಂದುವರಿದಂತೆ, ಸದಾ ನಗಿಸುವವನ ಮೇಲೆ ನಾವಿಟ್ಟ ನಂಬಿಕೆಯನ್ನೇ ಚಿತ್ರಕಥೆಯವರು ದಾಳವಾಗಿ ಬಳಸುತ್ತಾರೆ. ಸ್ಕಾಟ್‌ಲೆಂಡ್ ಯಾರ್ಡಿನ ಮುಖ್ಯಸ್ಥ ಸರ್ ಜಾನ್ ಆಗಿ ಜೀಗ್‌ಫ್ರೀಡ್ ಶ್ಯೂರೆನ್‌ಬೆರ್ಗ್ ಬರುತ್ತಾರೆ. ದರ್ಪದ ಆ ಕಂಠ ಜರ್ಮನರಿಗೆ ಮೊದಲೇ ಪರಿಚಿತ, ಏಕೆಂದರೆ ಅವರು ಕ್ಲಾರ್ಕ್ ಗೇಬಲ್‌ಗೆ ಜರ್ಮನ್ ದನಿ ಕೊಟ್ಟವರು. ಅಪಾಯದಲ್ಲಿ ಸಿಲುಕುವ ತರುಣಿ ಕಾರಿನ್ ಡೋರ್, ಆಗ ರೈನ್ಲ್ ಅವರ ಪತ್ನಿ, ಮುಂದೆ 1967ರ ಜೇಮ್ಸ್ ಬಾಂಡ್ ಚಿತ್ರವೊಂದರಲ್ಲೂ ನಟಿಸಿದವರು.

ಇನ್ನು ಕ್ಲೌಸ್ ಕಿನ್ಸ್ಕಿ. ಜರ್ಮನ್ ನಿರ್ದೇಶಕ ವೆರ್ನರ್ ಹೆರ್ಜೋಗ್ ಅವರ ಚಿತ್ರಗಳಿಂದ ಅವರನ್ನು ಬಲ್ಲವರಿಗೆ ಇಲ್ಲಿ ಸಿಗುವುದು ಬೇರೆಯೇ ಕಿನ್ಸ್ಕಿ. ಮೂಲೆಯಲ್ಲಿ ನಿಂತು ನೋಡುತ್ತಾರೆ, ಬೆವರುತ್ತಾರೆ, ಕತ್ತಲಿಗೆ ಸರಿಯುತ್ತಾರೆ. ಮುಖವೇ ಇಷ್ಟು ಅನುಮಾನ ಹುಟ್ಟಿಸುವಾಗ ಮುಖವಾಡದ ಹಿಂದೆ ಇವರೇ ಇರಬೇಕು ಎನಿಸುತ್ತದೆ. ಹಾಗೆನಿಸಲಿ ಎಂದೇ ಅವರನ್ನು ಅಲ್ಲಿ ನಿಲ್ಲಿಸಿದ್ದಾರೆ. ಹೆಚ್ಚಿನ ಚಿತ್ರಗಳಲ್ಲಿ ಕೊನೆಯ ರೀಲಿನವರೆಗೆ ಅವರು ಬದುಕಿಯೇ ಇರುವುದಿಲ್ಲ.

ಹಂತ 6: ಆಸ್ತಿಯ ದಾರವನ್ನು ಹಿಡಿಯಿರಿ

ಕಥೆ ಗೋಜಲಾಯಿತು ಎನಿಸಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರ ಆಸ್ತಿ, ಯಾರ ಕೈ ಸೇರಬೇಕು? ಬಹುಪಾಲು ಕ್ರೀಮಿ ಚಿತ್ರಗಳ ಬುಡದಲ್ಲಿ ಒಂದು ಉಯಿಲು ಇರುತ್ತದೆ. ತಾನೇ ವಾರಸುದಾರಳೆಂದು ಅರಿಯದ ಹುಡುಗಿ, ಅವಳ ಮೇಲೆ ಕಣ್ಣಿಟ್ಟ ಪೋಷಕ, ಎಲ್ಲ ತಿಳಿದೂ ಸುಮ್ಮನಿರುವ ವಕೀಲ. ಮುಖವಾಡ ಭಯ ಹುಟ್ಟಿಸುತ್ತದೆ, ಲೆಕ್ಕ ದುಡ್ಡಿನದು.

ಇದಕ್ಕೆ ಅತ್ಯುತ್ತಮ ಪಾಠ 1963ರ 'ಡಾಸ್ ಇಂಡಿಶೆ ಟೂಖ್', ಅಂದರೆ 'ಭಾರತದ ವಸ್ತ್ರ'. ಶ್ರೀಮಂತನೊಬ್ಬ ಸತ್ತಿದ್ದಾನೆ. ಬಂಧುಗಳೆಲ್ಲ ಆರು ದಿನ, ಆರು ರಾತ್ರಿ ಅವನ ಕೋಟೆಮನೆಯಲ್ಲಿ ಒಟ್ಟಿಗೆ ಇದ್ದರೆ ಮಾತ್ರ ಉಯಿಲು ಓದಬೇಕೆಂಬ ಷರತ್ತು. ಬಿರುಗಾಳಿಯಿಂದ ಹೊರಗಿನ ಸಂಪರ್ಕ ಕಡಿದುಹೋಗುತ್ತದೆ. ಒಬ್ಬೊಬ್ಬರಾಗಿ ಕೊರಳಿಗೆ ವಸ್ತ್ರ ಬಿಗಿದು ಸಾಯುತ್ತಾರೆ. ಊಟದ ಮೇಜಿನ ಸುತ್ತ ಕುರ್ಚಿಗಳು ಖಾಲಿಯಾಗುತ್ತಾ ಹೋಗುತ್ತವೆ. ಪೊಲೀಸರಿಲ್ಲದ ಈ ಚಿತ್ರದಲ್ಲಿ ಪತ್ತೇದಾರಿಕೆ ಮಾಡುವವನು ವಕೀಲ, ಅದೂ ಡ್ರಾಖೆ. ಇಲ್ಲಿ ಕೊಲೆಗಾರನಿಗೆ ಮುಖವಾಡವೇ ಬೇಡ, ಎರಡು ಕೈಗಳೂ ಆ ವಸ್ತ್ರವೂ ಕಂಡರೆ ಸಾಕು. ಕೊನೆಯಲ್ಲಿ ಉಯಿಲು ಓದುವ ದೃಶ್ಯ ಮುಗಿಯುವವರೆಗೆ ಎದ್ದು ಹೋಗಬೇಡಿ.

ಆ ವಸ್ತ್ರಕ್ಕೆ ಭಾರತದ ಹೆಸರು ಏಕೆ? ರುಮಾಲು ಬಿಗಿದು ಕೊಲ್ಲುವ ಠಕ್ಕರ ಕಥೆಗಳನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನುದ್ದಕ್ಕೂ ಹಬ್ಬಿಸಿದ್ದರು. ಭಾರತ ಎಂದೊಡನೆ ವಿಷ, ಹಾವು, ನೇಣಿನ ವಸ್ತ್ರ ನೆನಪಾಗುವ ಓದುಗರಿಗಾಗಿ ವಾಲೇಸ್ ಬರೆದ, ಜರ್ಮನರು ಅದನ್ನು ಹಾಗೆಯೇ ತೆಗೆದುಕೊಂಡರು. ಚಿತ್ರವನ್ನು ನಾನು ಮೆಚ್ಚುತ್ತೇನೆ. ಆದರೂ ಆ ಶೀರ್ಷಿಕೆ ತೆರೆಯ ಮೇಲೆ ಬಂದಾಗಲೆಲ್ಲ ನಮ್ಮ ನಾಡಿನ ಒಂದು ಬಟ್ಟೆಯ ತುಂಡನ್ನು ಹೀಗೆ ಬಳಸಿದರಲ್ಲ ಎಂಬ ನೋವು ಇದ್ದೇ ಇರುತ್ತದೆ.

ಹಂತ 7: ಕಿವಿಗೊಟ್ಟು ನೋಡಿ

ಪೀಟರ್ ಥೋಮಾಸ್ ಅವರ ಸಂಗೀತವಿರುವ ಚಿತ್ರಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. 1964ರ 'ಡೆರ್ ಹೆಕ್ಸರ್' ಇದಕ್ಕೆ ಹೇಳಿಮಾಡಿಸಿದ ಚಿತ್ರ. ಜಾಝ್ ತುತ್ತೂರಿಗಳ ನಡುವೆ ಕಿರುಚಾಟ, ಉಸಿರು, ಗುಂಡಿನ ಸದ್ದು ಎಲ್ಲವೂ ತಾಳದ ಭಾಗವಾಗಿಬಿಡುತ್ತವೆ. ಹೆದರಿಸುವುದಕ್ಕೆ ತಗ್ಗಿದ ಪಿಟೀಲು ಬೇಕೆಂಬ ರೂಢಿಯನ್ನು ಅವರು ಮುರಿದರು. ಇದೇ ಚಿತ್ರದಲ್ಲಿ ಮುಖವಾಡದ ಇನ್ನೊಂದು ಬಗೆಯೂ ಸಿಗುತ್ತದೆ. ತಂಗಿಯ ಕೊಲೆಗೆ ಸೇಡು ತೀರಿಸಲು ಲಂಡನ್ನಿಗೆ ಮರಳುವ ಹೆಕ್ಸರ್‌ನ ನಿಜವಾದ ಮುಖ ಯಾರಿಗೂ ಗೊತ್ತಿಲ್ಲ. ಬೇರೆಯವರ ಮುಖಗಳೇ ಅವನ ಮುಖವಾಡ. ಹಾಗಾಗಿ ತೆರೆಯ ಮೇಲಿನ ಪ್ರತಿಯೊಬ್ಬನನ್ನೂ ಅನುಮಾನಿಸಬೇಕಾಗುತ್ತದೆ.

ಮಾರ್ಟಿನ್ ಬೋಟ್ಷರ್ ಅವರದು ಇನ್ನೂ ಮೃದುವಾದ ದಾರಿ, ಅವರ ರಾಗಗಳು ಚಿತ್ರ ಮುಗಿದ ಮೇಲೂ ಬಾಯಲ್ಲಿ ಉಳಿಯುತ್ತವೆ.

ಹಂತ 8: ಬಣ್ಣಕ್ಕೆ ದಾಟಿ

1965ರ 'ಡೆರ್ ಉನ್‌ಹೈಮ್ಲಿಷೆ ಮೋಂಖ್' ರಿಯಾಲ್ಟೋ ಸರಣಿಯ ಕೊನೆಯ ಕಪ್ಪು ಬಿಳುಪು ಚಿತ್ರ. ಮುಸುಕು ಹಾಕಿದ ಸನ್ಯಾಸಿ, ಕೈಯಲ್ಲಿ ಚಾಟಿ. ನಿರ್ದೇಶನ ರೈನ್ಲ್ ಅವರದು. ಎರಡು ವರ್ಷದ ಬಳಿಕ ಫೋರರ್ ಇದೇ ಸನ್ಯಾಸಿಯನ್ನು ಬಣ್ಣದಲ್ಲಿ ಮರಳಿ ತಂದರು, 'ಡೆರ್ ಮೋಂಖ್ ಮಿಟ್ ಡೆರ್ ಪೈಟ್ಶೆ', 1967. ಈ ಎರಡನ್ನೂ ಅಕ್ಕಪಕ್ಕದ ಸಂಜೆಗಳಲ್ಲಿ ನೋಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ.

ಮೊದಲನೆಯದರಲ್ಲಿ ಸನ್ಯಾಸಿ ಕತ್ತಲಿನ ಒಂದು ತುಂಡು. ಗೋಡೆಯ ನೆರಳು ಎಲ್ಲಿ ಮುಗಿಯಿತು, ನಿಲುವಂಗಿ ಎಲ್ಲಿ ಆರಂಭವಾಯಿತು ಎಂದು ಕಾಣುವುದಿಲ್ಲ. ಅವನು ಬಂದನೇ ಅಥವಾ ಅಲ್ಲೇ ಇದ್ದನೇ ಎಂಬ ಅನುಮಾನವೇ ಭಯ. ಎರಡನೆಯದರ ನಿಲುವಂಗಿ ತಲೆಯಿಂದ ಕಾಲಿನವರೆಗೆ ಕಡುಗೆಂಪು, ಚಾಟಿ ಬಿಳಿ. ಹಸಿರು ಮರಗಳ ನಡುವೆ ಅವನು ನಿಂತರೆ ಮೈಲಿ ದೂರದಿಂದಲೂ ಕಾಣಬೇಕು. ಬಚ್ಚಿಟ್ಟುಕೊಳ್ಳಲೆಂದು ಹಾಕಿದ ಮುಸುಕು ಈಗ ಎದ್ದು ಕಾಣಲೆಂದೇ ಹಾಕಿದ ವೇಷವಾಗಿದೆ. ಇದರ ಜೊತೆಗೆ ಹುಡುಗಿಯರ ವಸತಿಶಾಲೆ, ವಿಷಾನಿಲ ಚಿಮ್ಮುವ ಧರ್ಮಗ್ರಂಥ, ಮೊಸಳೆ ಸಾಕಿದ ಅಡಗುದಾಣ. ತರ್ಕವನ್ನು ಬಾಗಿಲ ಹೊರಗೇ ಬಿಟ್ಟು ಬಂದ ಚಿತ್ರ ಇದು. ಹಲವರು ಇದನ್ನು ಇಳಿಗಾಲ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಎಂಟು ವರ್ಷ ಕಥೆಯ ಹಿಂದೆ ನಿಂತಿದ್ದ ವೇಷ ಇಲ್ಲಿ ಕಥೆಯನ್ನು ತಳ್ಳಿ ಮುಂದೆ ಬಂದಿದೆ.

ಅದೇ ವರ್ಷದ 'ಡೀ ಬ್ಲೌಯೆ ಹಾಂಡ್' ಚಿತ್ರದಲ್ಲಿ ಕೊಲೆಗಾರನ ಗುರುತು ಮೊನೆಗಳಿರುವ ಉಕ್ಕಿನ ಕೈಗವಸು. ಕಿನ್ಸ್ಕಿ ಅವಳಿ ಸೋದರರಾಗಿ ಎರಡು ಪಾತ್ರ ಮಾಡಿದ್ದಾರೆ. ಎಚ್ಚರಿಕೆ: 1980ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಹೊಸದಾಗಿ ರಕ್ತಸಿಕ್ತ ದೃಶ್ಯಗಳನ್ನು ತುರುಕಿ 'ದಿ ಬ್ಲಡಿ ಡೆಡ್' ಎಂಬ ಹೆಸರಿನಲ್ಲಿ ಹೊರಬಿಟ್ಟರು. ಆ ಪ್ರತಿ ಕಂಡರೆ ಮುಟ್ಟಬೇಡಿ. 1968ರ 'ಇಮ್ ಬಾನೆ ಡೆಸ್ ಉನ್‌ಹೈಮ್ಲಿಷೆನ್' ಚಿತ್ರದ ತಲೆಬುರುಡೆ ಮುಖದವನೊಂದಿಗೆ ಬಣ್ಣದ ಹಂತ ಮುಗಿಸಬಹುದು. ಸರಣಿಯ ಉಳಿದ ಬಣ್ಣದ ಚಿತ್ರಗಳನ್ನು ಬಿಡುವಿದ್ದಾಗ ನೋಡಿದರೆ ಸಾಕು.

ಹಂತ 9: ಪಕ್ಕದ ಮನೆಗೂ ಹೋಗಿ ಬನ್ನಿ

ರಿಯಾಲ್ಟೋದ ಗೆಲುವು ಕಂಡು ಬರ್ಲಿನ್‌ನ ಸಿಸಿಸಿ ಎಂಬ ಚಿತ್ರನಿರ್ಮಾಣ ಸಂಸ್ಥೆಯ ಆರ್ಟುರ್ ಬ್ರೌನರ್ ಸುಮ್ಮನಿರಲಿಲ್ಲ. ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರನ್ನು ಕರೆಸಿ ಉದಯಪುರದಲ್ಲಿ ಚಿತ್ರೀಕರಣ ನಡೆಸಿ ಭಾರತದ ಕಥೆಯ ಎರಡು ಚಿತ್ರಗಳನ್ನು 1959ರಲ್ಲಿ ತಂದವರು ಇವರೇ. ಅದರ ಬೆನ್ನಿಗೇ ಲಾಂಗ್ ತಮ್ಮ ಕೊನೆಯ ಚಿತ್ರವಾದ 'ಡಾಕ್ಟರ್ ಮಾಬೂಸೆಯ ಸಾವಿರ ಕಣ್ಣುಗಳು' ಮಾಡಿದರು, 1960. ವಾಲೇಸ್ ಕಥೆಗಳ ಹಕ್ಕು ಬಹುಪಾಲು ರಿಯಾಲ್ಟೋ ಬಳಿ ಇದ್ದುದರಿಂದ ಬ್ರೌನರ್ ವಾಲೇಸ್‌ನ ಮಗ ಬ್ರಯನ್ ಎಡ್ಗರ್ ವಾಲೇಸ್ ಹೆಸರಿನಲ್ಲಿ ತಮ್ಮದೇ ಸಾಲನ್ನು ಹೊರಡಿಸಿದರು.

ಇದರಲ್ಲಿ ತಪ್ಪಿಸಬಾರದ್ದು 1963ರ 'ಡೆರ್ ವ್ಯುರ್ಗರ್ ಫೊನ್ ಶ್ಲೋಸ್ ಬ್ಲ್ಯಾಕ್‌ಮೂರ್'. ಮುಸುಕುಧಾರಿ ಕತ್ತು ಹಿಸುಕಿ ಕೊಂದು ಹಣೆಯ ಮೇಲೆ ಅಕ್ಷರ ಕೆತ್ತುತ್ತಾನೆ. ಸಂಗೀತ ಓಸ್ಕರ್ ಸಾಲಾ ಅವರದು, ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯದಲ್ಲಿ. ಅದೇ ವರ್ಷ ಹಿಚ್‌ಕಾಕ್ ಅವರ 'ದಿ ಬರ್ಡ್ಸ್' ಚಿತ್ರದ ಹಕ್ಕಿಗಳ ಕರ್ಕಶ ಸದ್ದನ್ನು ಹುಟ್ಟಿಸಿದ್ದೂ ಇದೇ ಕಲಾವಿದ, ಇದೇ ವಾದ್ಯ.

ಇಲ್ಲಿಂದ ದಾರಿ ಇಟಲಿಗೆ ಹೊರಳುತ್ತದೆ. ಮಾರಿಯೋ ಬಾವಾ 1964ರಲ್ಲಿ ಮಾಡಿದ 'ಸೇ ದೊನ್ನೆ ಪೇರ್ ಲಾಸಾಸ್ಸೀನೋ' ಚಿತ್ರಕ್ಕೆ ಪಶ್ಚಿಮ ಜರ್ಮನಿಯ ಹಣವೂ ಸೇರಿತ್ತು. ಅದರ ಕೊಲೆಗಾರನ ಮುಖಕ್ಕೆ ಬಿಳಿ ಬಟ್ಟೆ, ಕಣ್ಣು ಮೂಗು ಏನೂ ಇಲ್ಲ. ಕಪ್ಪೆಯ ಉಬ್ಬುಗಣ್ಣಿನಿಂದ ಹೊರಟ ಮುಖವಾಡ ಇಲ್ಲಿಗೆ ಬರುವಷ್ಟರಲ್ಲಿ ಕಣ್ಣನ್ನೇ ಕಳೆದುಕೊಂಡಿತು. ಡಾರಿಯೋ ಅರ್ಜೆಂಟೋ ಅವರ 1970ರ ಮೊದಲ ಚಿತ್ರವನ್ನು ಜರ್ಮನಿಯಲ್ಲಿ ಬ್ರಯನ್ ಎಡ್ಗರ್ ವಾಲೇಸ್ ಚಿತ್ರವೆಂದೇ ಬಿಡುಗಡೆ ಮಾಡಿದರು. 1972ರಲ್ಲಿ ರಿಯಾಲ್ಟೋ ತನ್ನ ಸರಣಿಯ ಕೊನೆಯ ಎರಡು ಚಿತ್ರಗಳನ್ನು ಇಟಲಿಯವರ ಜೊತೆಗೂಡಿ ಮಾಡಿತು. ಅವುಗಳಲ್ಲಿ ಮಾಸ್ಸಿಮೋ ದಲ್ಲಮಾನೋ ನಿರ್ದೇಶಿಸಿದ ಚಿತ್ರದಲ್ಲಿ ಫುಕ್ಸ್‌ಬೆರ್ಗರ್ ಮತ್ತೆ ಪೊಲೀಸ್ ಅಧಿಕಾರಿ. ಹದಿಮೂರು ವರ್ಷದ ಹಿಂದೆ ಕಪ್ಪೆಯ ಬೆನ್ನು ಹತ್ತಿದ್ದ ಆ ನಗುಮುಖದಲ್ಲಿ ಈಗ ನಗುವಿಲ್ಲ.

ಹಂತ 10: ಮೊದಲ ಚಿತ್ರಕ್ಕೆ ಮರಳಿ

ಇಷ್ಟೆಲ್ಲ ಆದ ಮೇಲೆ ಮತ್ತೊಮ್ಮೆ 'ಮುಖವಾಡದ ಕಪ್ಪೆ' ನೋಡಿ. ಈಗ ಕಪ್ಪೆ ಯಾರೆಂದು ನಿಮಗೆ ಗೊತ್ತಿದೆ. ಆ ನಟ ಮುಖವಾಡವಿಲ್ಲದೆ ಬರುವ ಪ್ರತಿ ದೃಶ್ಯದಲ್ಲೂ ಅವನು ಮಾತಾಡುವಾಗ ಎದುರಿನವರ ಮುಖವನ್ನು ಬಿಟ್ಟು ಅವನನ್ನೇ ನೋಡಿ: ನಿಲ್ಲುವ ರೀತಿ, ಹೆಗಲು, ಬೇರೆಯವರು ಮಾತಾಡುವಾಗ ಅವನು ಏನು ಮಾಡುತ್ತಾನೆ ಎಂಬುದು. ಆಮೇಲೆ ಕಪ್ಪೆ ತೆರೆಗೆ ಬಂದಾಗ ಅದೇ ಹೆಗಲು, ಅದೇ ನಿಲುವು ಸಿಗುತ್ತದೆಯೇ ಎಂದು ಹುಡುಕಿ. ಸಿಕ್ಕರೆ ಆ ನಿಮಿಷವನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟು, ಕೆಂಪು ಸನ್ಯಾಸಿಯ ಚಿತ್ರಕ್ಕೂ ಇದನ್ನೇ ಮಾಡಿ.